ವಾಪಸ್ ಬಂದ ಪತ್ರಗಳನ್ನು ಏನು ಮಾಡಬೇಕು? ಅಮೆರಿಕದಲ್ಲಿ ಅಂಚೆ ಮೂಲಕ ಮನೆ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಮಧ್ಯವರ್ತಿ ಇಲ್ಲದೆ ನೇರವಾಗಿ ಮಾಲೀಕರಿಂದ ಮನೆ ಕೊಳ್ಳಲು ಹೊರಟವರು ಈಗಲೂ ನೆಚ್ಚಿಕೊಂಡಿರುವುದು ಕಾಗದದ ಪತ್ರವನ್ನೇ. ಕೌಂಟಿ (ಅಲ್ಲಿನ ಜಿಲ್ಲೆ) ದಾಖಲೆಯಿಂದ ಮಾಲೀಕರ ಪಟ್ಟಿ ತೆಗೆಯುತ್ತಾರೆ. ಊರಲ್ಲಿಲ್ಲದ ಮಾಲೀಕರು, ತೆರಿಗೆ ಬಾಕಿ ಉಳಿಸಿಕೊಂಡವರು, ಖಾಲಿ ಮನೆಯವರು ಎಂದು ವಿಂಗಡಿಸಿ, 'ಮನೆ ಮಾರುತ್ತೀರಾ' ಎಂದು ಕೇಳಿ ಸಾವಿರಗಟ್ಟಲೆ ಪತ್ರ ಹಾಕುತ್ತಾರೆ. ಅವುಗಳಲ್ಲಿ ಒಂದಷ್ಟು, ತಲುಪದ ಕಾರಣ ಬರೆದ ಅಂಚೆಯವರ ಹಳದಿ ಚೀಟಿ ಹಚ್ಚಿಸಿಕೊಂಡು ವಾಪಸ್ ಬರುತ್ತವೆ. ಹೆಚ್ಚಿನವರು ಅವನ್ನು ಹಾಗೇ ರದ್ದಿಗೆ ಹಾಕಿ, ಮುಂದಿನ ತಿಂಗಳು ಅದೇ ವಿಳಾಸಕ್ಕೆ ಮತ್ತೆ ಪತ್ರ ಹಾಕುತ್ತಾರೆ.

ದುಡ್ಡಿನ ಲೆಕ್ಕ ನೋಡಿ. ಸಾವಿರದಲ್ಲಿ 80 ಪತ್ರ ವಾಪಸ್ ಬಂದವು ಎಂದುಕೊಳ್ಳೋಣ. 2025ರ ಜುಲೈ 13ರಂದು ಜಾರಿಗೆ ಬಂದ 78 ಸೆಂಟ್ ಸ್ಟಾಂಪಿನ ದರದಲ್ಲಿ ಇವುಗಳ ಅಂಚೆ ಖರ್ಚು 62.40 ಡಾಲರ್. ವರ್ಷಕ್ಕೆ ಐದು ಸುತ್ತು ಹಾಕಿದರೆ 312 ಡಾಲರ್, ಮುದ್ರಣದ ಖರ್ಚು ಬೇರೆ. ಆದರೆ ನಿಜವಾದ ನಷ್ಟ ಇದಲ್ಲ. ಪತ್ರ ತಲುಪದ ಮಾಲೀಕರಿಗೆ ಬೇರೆ ಕೊಳ್ಳುವವರ ಪತ್ರವೂ ತಲುಪಿರುವುದಿಲ್ಲ. ಎಲ್ಲರೂ ಕೈಬಿಟ್ಟ ಆ 80 ಹೆಸರುಗಳಲ್ಲೇ ಪೈಪೋಟಿ ಕಡಿಮೆ, ಮತ್ತು ಯಾರ ಬೆನ್ನು ಹತ್ತಬೇಕು, ಯಾರನ್ನು ಬಿಡಬೇಕು ಎಂಬುದು ಆ ಹಳದಿ ಚೀಟಿಯಲ್ಲೇ ಬರೆದಿರುತ್ತದೆ.

ಹಂತ 1: ಪತ್ರ ವಾಪಸ್ ಬರುವ ಹಾಗೆ ಮಾಡಿಕೊಳ್ಳಿ

ಎಷ್ಟೋ ಜನರಿಗೆ ಒಂದು ಪತ್ರವೂ ವಾಪಸ್ ಬರುವುದಿಲ್ಲ. ಅದನ್ನು ಕಂಡು ಪಟ್ಟಿ ಬಲು ಚೆನ್ನಾಗಿದೆ ಎಂದು ಖುಷಿಪಡುತ್ತಾರೆ. ಕಾರಣ ಬೇರೆಯೇ ಇರುತ್ತದೆ: ಪ್ರಿಂಟರ್‌ನವರು ಅಗ್ಗದ 'ಮಾರ್ಕೆಟಿಂಗ್ ಮೇಲ್' ದರದಲ್ಲಿ ಕಳಿಸಿರುತ್ತಾರೆ. ಕನಿಷ್ಠ 200 ಪತ್ರ ಅಥವಾ 50 ಪೌಂಡ್ ಇದ್ದರೆ ಸಿಗುವ ಈ ದರದಲ್ಲಿ, ಕವರ್ ಮೇಲೆ ಸೂಚನೆ ಇಲ್ಲದಿದ್ದರೆ ತಲುಪದ ಪತ್ರವನ್ನು ಅಂಚೆ ಇಲಾಖೆ ಮುಂದಕ್ಕೂ ಕಳಿಸುವುದಿಲ್ಲ, ಹಿಂದಕ್ಕೂ ಕೊಡುವುದಿಲ್ಲ, ಅಲ್ಲೇ ವಿಲೇವಾರಿ ಮಾಡುತ್ತದೆ. 'ಫಸ್ಟ್ ಕ್ಲಾಸ್' ಪತ್ರವಾದರೆ ಹೆಚ್ಚುವರಿ ಶುಲ್ಕವಿಲ್ಲದೆ ವಾಪಸ್ ಬರುತ್ತದೆ. ಕನಿಷ್ಠ 500 ಪತ್ರ ಇದ್ದರೆ ಫಸ್ಟ್ ಕ್ಲಾಸ್‌ನಲ್ಲೂ ವಿಂಗಡಣೆಯ ರಿಯಾಯಿತಿ ಉಂಟು.

ಹೊಸ ಪಟ್ಟಿಯ ಮೊದಲ ಸುತ್ತನ್ನು ಫಸ್ಟ್ ಕ್ಲಾಸ್‌ನಲ್ಲೇ ಹಾಕಿ. ಪಟ್ಟಿ ಸೋಸಿದ ಮೇಲೆ, ಬೇಕಿದ್ದರೆ ಮೂರನೆಯ ಸುತ್ತಿನಿಂದ ಅಗ್ಗದ ದರಕ್ಕೆ ಹೋಗಬಹುದು. ಪ್ರಿಂಟರ್ ಜತೆ ಮಾತಾಡುವಾಗ "ಯಾವ ಕ್ಲಾಸು?" ಎಂಬುದನ್ನು ಬರವಣಿಗೆಯಲ್ಲೇ ಕೇಳಿ. ಕೊಟೇಶನ್ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಅದು ಮಾರ್ಕೆಟಿಂಗ್ ಮೇಲೇ ಇರಬೇಕು.

ಹಂತ 2: ಕವರ್ ಮೇಲೆ ಸರಿಯಾದ ಸೂಚನೆ ಅಚ್ಚು ಹಾಕಿಸಿ

ಫಸ್ಟ್ ಕ್ಲಾಸ್ ಪತ್ರದಲ್ಲಿ, ತಲುಪದಿದ್ದರೆ ಏನು ಮಾಡಬೇಕೆಂದು ಅಂಚೆಯವರಿಗೆ ಸೂಚನೆ ಏನೂ ಇಲ್ಲದಿದ್ದರೆ ಹೀಗಾಗುತ್ತದೆ: ಮಾಲೀಕರು ಮನೆ ಬದಲಿಸಿ ವಿಳಾಸ ಬದಲಾವಣೆಯ ಅರ್ಜಿ ಕೊಟ್ಟಿದ್ದರೆ, ಮೊದಲ 12 ತಿಂಗಳು ಪತ್ರ ಹೊಸ ವಿಳಾಸಕ್ಕೆ ಹೋಗುತ್ತದೆ. 13ರಿಂದ 18ನೇ ತಿಂಗಳವರೆಗೆ ಹೊಸ ವಿಳಾಸದ ಚೀಟಿ ಹಚ್ಚಿ ನಿಮಗೆ ವಾಪಸ್ ಕೊಡುತ್ತಾರೆ. ಆಮೇಲೆ ತಲುಪದ ಕಾರಣ ಮಾತ್ರ ಬರೆದು ವಾಪಸ್. ಗಮನಿಸಬೇಕಾದ್ದು ಮೊದಲ ವರ್ಷ. ಪತ್ರ ತಲುಪುತ್ತದೆ, ಆದರೆ ಹೊಸ ವಿಳಾಸ ಯಾವುದೆಂದು ನಿಮಗೆ ಗೊತ್ತಾಗುವುದೇ ಇಲ್ಲ. ಆ ವರ್ಷ ಮುಗಿದ ಕೂಡಲೇ ನಿಮ್ಮ ಪಟ್ಟಿಯಲ್ಲಿರುವ ವಿಳಾಸ ಸತ್ತಂತೆ.

'ರಿಟರ್ನ್ ಸರ್ವಿಸ್ ರಿಕ್ವೆಸ್ಟೆಡ್' ಎಂದು ಹಾಕಿದರೆ ಪತ್ರ ಮುಂದಕ್ಕೆ ಹೋಗದೆ, ಹೊಸ ವಿಳಾಸ ಅಥವಾ ಕಾರಣ ಹೊತ್ತು ವಾಪಸ್ ಬರುತ್ತದೆ. ಫಸ್ಟ್ ಕ್ಲಾಸ್‌ನಲ್ಲಿ ಇದಕ್ಕೆ ಶುಲ್ಕವಿಲ್ಲ. 'ಅಡ್ರೆಸ್ ಸರ್ವಿಸ್ ರಿಕ್ವೆಸ್ಟೆಡ್' ಎಂದು ಹಾಕಿದರೆ ಪತ್ರ ಮಾಲೀಕರಿಗೂ ಹೋಗುತ್ತದೆ, ನಿಮಗೆ ಶುಲ್ಕದ ಮೇಲೆ ಹೊಸ ವಿಳಾಸದ ತಿಳಿವಳಿಕೆ ಪತ್ರವೂ ಬರುತ್ತದೆ. ಪಟ್ಟಿ ಹಳೆಯದಿದ್ದರೆ ಮೊದಲ ಸುತ್ತಿಗೆ 'ರಿಟರ್ನ್' ಒಳ್ಳೆಯದು. ತೆರಿಗೆ ಬಾಕಿಗಾಗಿ ಹರಾಜಿಗೆ ಬರಲಿರುವಂಥ, ದಿನ ಎಣಿಸಬೇಕಾದ ಆಸ್ತಿಯಾದರೆ 'ಅಡ್ರೆಸ್' ಹಾಕಿಸಿ, ಪತ್ರ ತಲುಪುವುದೇ ಮುಖ್ಯ.

ಇದೇ ಸೂಚನೆಗಳನ್ನು ಮಾರ್ಕೆಟಿಂಗ್ ಮೇಲ್ ಮೇಲೆ ಯೋಚಿಸದೆ ಹಾಕಿಸಬೇಡಿ. ಅಲ್ಲಿ 'ರಿಟರ್ನ್'ಗೆ ಪ್ರತಿ ವಾಪಸಾತಿಗೂ ಫಸ್ಟ್ ಕ್ಲಾಸ್ ಬಿಡಿ ಪತ್ರದ ದರ ಬೀಳುತ್ತದೆ. 'ಅಡ್ರೆಸ್' ಸೂಚನೆಯಿದ್ದು ಪತ್ರ ವಾಪಸ್ ಬಂದರೆ ಆ ದರದ 2.472 ಪಟ್ಟು, ಮುಂದಿನ ಸೆಂಟಿಗೆ ಏರಿಸಿ. 78 ಸೆಂಟಿನ ಲೆಕ್ಕದಲ್ಲಿ ಒಂದಕ್ಕೆ 1.93 ಡಾಲರ್. ಇನ್ನೂರು ಪತ್ರ ಹಿಂದಿರುಗಿದರೆ 386 ಡಾಲರ್ ಬಿಲ್ಲು. ಅಗ್ಗದ ಅಂಚೆಯಲ್ಲಿ ಉಳಿಸಿದ್ದು ಅಲ್ಲಿಗೆ ಕರಗಿತು. ಪತ್ರ ಬೇಡ, ಮಾಹಿತಿ ಸಾಕು ಎನ್ನುವವರಿಗೆ 'ಚೇಂಜ್ ಸರ್ವಿಸ್ ರಿಕ್ವೆಸ್ಟೆಡ್' ಇದೆ. ಪತ್ರ ಅಲ್ಲೇ ವಿಲೇವಾರಿಯಾಗಿ ಸುದ್ದಿ ಮಾತ್ರ ನಿಮಗೆ ಬರುತ್ತದೆ.

ಅಚ್ಚಿನ ನಿಯಮ ಚಿಕ್ಕದು, ಆದರೆ ಖಡಕ್ಕು. ಅಕ್ಷರ ಕನಿಷ್ಠ 8 ಪಾಯಿಂಟ್ ಇರಬೇಕು, ಸುತ್ತ ಕಾಲು ಇಂಚು ಖಾಲಿ ಜಾಗ ಬಿಡಬೇಕು. ಕಳಿಸಿದವರ ವಿಳಾಸದ ಕೆಳಗೆ ಹಾಕಿದರೆ ಯಾವ ವಿನ್ಯಾಸಕ್ಕೂ ಹೊಂದುತ್ತದೆ. ಕೈಬರಹದಂತೆ ಕಾಣುವ ಹಳದಿ ಹಾಳೆಯ ಪತ್ರಗಳಲ್ಲಿ ಈ ಸಾಲು 'ಕಂಪನಿಯ ಪತ್ರ' ಎಂದು ಬಿಟ್ಟುಕೊಡುತ್ತದೆ ನಿಜ. ಮೊದಲ ಸುತ್ತಿನಲ್ಲಿ ಅದನ್ನು ಸಹಿಸಿಕೊಳ್ಳಬೇಕು.

ಹಂತ 3: ಅಂಚೆಗೆ ಹಾಕುವ ಮೊದಲೇ ಪಟ್ಟಿ ತೊಳೆಯಿರಿ

ವಾಪಸ್ ಬರುವ ಪತ್ರಗಳಲ್ಲಿ ಎಷ್ಟೋ ಅಂಚೆಯವರ ತಪ್ಪಿನಿಂದಲ್ಲ, ಎಕ್ಸೆಲ್ ತಪ್ಪಿನಿಂದ ಬರುತ್ತವೆ. ನ್ಯೂಜೆರ್ಸಿಯ ಜಿಪ್ ಕೋಡ್‌ಗಳು (ಅಲ್ಲಿನ ಪಿನ್‌ಕೋಡ್) ಸೊನ್ನೆಯಿಂದ ಶುರುವಾಗುತ್ತವೆ. ಎಡಿಸನ್‌ನ 08817 ಎಕ್ಸೆಲ್‌ನಲ್ಲಿ ತೆರೆದ ಕೂಡಲೇ 8817 ಆಗುತ್ತದೆ. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಕಥೆಯೂ ಇದೇ. ಫೈಲನ್ನು ನೇರ ತೆರೆಯದೆ, ಆಮದು ಮಾಡಿಕೊಳ್ಳುವಾಗ ಜಿಪ್ ಕಾಲಂ ಅನ್ನು 'ಟೆಕ್ಸ್ಟ್' ಎಂದು ಗುರುತಿಸಿ. ಇನ್ನೊಂದು ಅನಾಹುತ, ಒಂದೇ ಕಾಲಂ ಆಯ್ದು ಸಾರ್ಟ್ ಮಾಡುವುದು. ಹೆಸರುಗಳು ಒಂದು ಕಡೆ, ವಿಳಾಸಗಳು ಇನ್ನೊಂದು ಕಡೆ ಸರಿದು, ಇಡೀ ಸುತ್ತು 'ಈ ಹೆಸರಿನವರು ಇಲ್ಲಿಲ್ಲ' ಎಂದು ವಾಪಸ್ ಬರುತ್ತದೆ.

ಆಸ್ತಿಯ ವಿಳಾಸ ಮತ್ತು ಮಾಲೀಕರ ತೆರಿಗೆ ಬಿಲ್ಲಿನ ವಿಳಾಸ ಎರಡು ಬೇರೆ ಕಾಲಂನಲ್ಲಿರಲಿ. ಮೂರನೆಯದು, 'ತಿದ್ದಿದ ವಿಳಾಸ', ಖಾಲಿ ಇಟ್ಟುಕೊಳ್ಳಿ. ಮೂಲ ವಿಳಾಸದ ಮೇಲೆ ಹೊಸದನ್ನು ಯಾವತ್ತೂ ಬರೆಯಬೇಡಿ.

ಬಳಿಕ ಪಟ್ಟಿಯನ್ನು 'ಕ್ಯಾಸ್' ಪ್ರಮಾಣಿತ ತಂತ್ರಾಂಶದಲ್ಲಿ, ಅಂದರೆ ವಿಳಾಸ ಸರಿಯಿದೆಯೇ ಎಂದು ತಾಳೆ ನೋಡಲು ಅಂಚೆ ಇಲಾಖೆ ಒಪ್ಪಿದ ತಂತ್ರಾಂಶದಲ್ಲಿ, ಹಾಯಿಸಿ. ಬರುವ ಡಿಪಿವಿ (ವಿಳಾಸ ಇದೆಯೇ ಎಂದು ಹೇಳುವ) ಸಂಕೇತ ಹೀಗೆ ಓದಿ. 'ವೈ' ಎಂದರೆ ಆ ವಿಳಾಸ ಇದೆ. 'ಡಿ' ಎಂದರೆ ಕಟ್ಟಡ ಇದೆ, ಫ್ಲ್ಯಾಟ್ ನಂಬರ್ ನೀವು ಬರೆದಿಲ್ಲ. 'ಎಸ್' ಎಂದರೆ ಫ್ಲ್ಯಾಟ್ ನಂಬರ್ ಬರೆದಿದ್ದೀರಿ, ಅಂಥದ್ದು ಅಲ್ಲಿಲ್ಲ. 'ಎನ್' ಎಂದರೆ ವಿಳಾಸವೇ ಇಲ್ಲ. 'ಡಿ' ಮತ್ತು 'ಎಸ್' ಸಾಲುಗಳನ್ನು ಕೌಂಟಿ ವೆಬ್‌ಸೈಟಿನಲ್ಲಿ ಕೈಯಾರೆ ನೋಡಿ ತಿದ್ದಿ. 'ಎನ್' ಇದ್ದರೆ ಅಂಚೆಗೆ ಹಾಕಬೇಡಿ. ಇದೇ ಫಲಿತಾಂಶದಲ್ಲಿ 'ವೇಕೆಂಟ್' ಗುರುತೂ ಬರುತ್ತದೆ. 90 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದ ವಿಳಾಸಕ್ಕೆ ಅಂಚೆಯವರು ಅದನ್ನು ಹಾಕುತ್ತಾರೆ. ಆಸ್ತಿಯ ವಿಳಾಸಕ್ಕೆ ಈ ಗುರುತು ಬಿದ್ದಿದ್ದರೆ ಆ ಸಾಲನ್ನು ಅಳಿಸಬೇಡಿ, ಪಟ್ಟಿಯ ತಲೆಗೆ ತನ್ನಿ.

ಮುಂದಿನದು ಎನ್‌ಸಿಒಎ, ಅಂದರೆ ವಿಳಾಸ ಬದಲಾವಣೆ ಅರ್ಜಿಗಳ ರಾಷ್ಟ್ರೀಯ ಕಡತ. ಪೂರ್ಣ ಆವೃತ್ತಿಯಲ್ಲಿ 48 ತಿಂಗಳ ಬದಲಾವಣೆ ಇರುತ್ತದೆ, ಚಿಕ್ಕದರಲ್ಲಿ 18 ತಿಂಗಳದ್ದು. ಪಟ್ಟಿಯನ್ನು ಯಾವುದರಲ್ಲಿ ಹಾಯಿಸುತ್ತೀರಿ ಎಂದು ಆ ಸೇವೆ ಕೊಡುವವರನ್ನು ಕೇಳಿ. ಪಟ್ಟಿಯಲ್ಲಿ ಕನಿಷ್ಠ 100 ಬೇರೆಬೇರೆ ಹೆಸರು-ವಿಳಾಸ ಇರಬೇಕು. ರಿಯಾಯಿತಿ ದರದಲ್ಲಿ ಕಳಿಸುವವರು ಅಂಚೆಗೆ ಹಾಕುವ ಹಿಂದಿನ 95 ದಿನದೊಳಗೆ ವಿಳಾಸ ನವೀಕರಿಸಿರಲೇಬೇಕೆಂಬ ನಿಯಮವೂ ಇದೆ. ಈ ಕಡತ ಹೆಸರು ಮತ್ತು ವಿಳಾಸ ಎರಡೂ ಹೊಂದಿದರೆ ಮಾತ್ರ ಉತ್ತರ ಕೊಡುತ್ತದೆ. ಆಸ್ತಿ ಎಲ್‌ಎಲ್‌ಸಿ (ಒಂದು ಬಗೆಯ ಕಂಪನಿ) ಅಥವಾ ಟ್ರಸ್ಟ್ ಹೆಸರಲ್ಲಿದ್ದು, ಅರ್ಜಿ ಕೊಟ್ಟವರು ತಮ್ಮ ಸ್ವಂತ ಹೆಸರಲ್ಲಿ ಕೊಟ್ಟಿದ್ದರೆ ಏನೂ ಸಿಗದು.

ಹಂತ 4: ವಾಪಸ್ ಬಂದ ಕವರನ್ನು ದಾಖಲಿಸುವುದು

ಪ್ರತಿ ಪತ್ರಕ್ಕೂ ಒಂದು ಗುರುತಿನ ಸಂಖ್ಯೆ ಇರಲಿ. ಅದನ್ನು ವಿಳಾಸದ ಭಾಗದಲ್ಲಿ, ಹೆಸರಿನ ಮೇಲಿನ ಸಾಲಿನಲ್ಲಿ ಹಾಕಿ. ಹೆಸರಿನ ಕೆಳಗೆ ಹಾಕಿದರೆ ಯಂತ್ರ ಅದನ್ನೂ ವಿಳಾಸವೆಂದು ಓದಲು ಹೋಗುತ್ತದೆ. ಈ ಸಂಖ್ಯೆ ಯಾಕೆಂದರೆ, ಹಳದಿ ಚೀಟಿ ಕೆಲವೊಮ್ಮೆ ಹೆಸರಿನ ಮೇಲೇ ಕುಳಿತು ಅರ್ಧ ವಿಳಾಸ ಮುಚ್ಚಿಬಿಡುತ್ತದೆ.

ಬಂದ ಕವರಿನ ಮುಂಭಾಗದ ಫೋಟೋ ತೆಗೆದು, ದಾಖಲೆಯಲ್ಲಿ ಇಷ್ಟು ತುಂಬಿ: ಗುರುತಿನ ಸಂಖ್ಯೆ, ಆಸ್ತಿಯ ಪಾರ್ಸೆಲ್ ನಂಬರ್ (ಕೌಂಟಿ ದಾಖಲೆಯಲ್ಲಿ ಆ ಜಾಗದ ಸಂಖ್ಯೆ), ಅಂಚೆಗೆ ಹಾಕಿದ ದಿನ, ವಾಪಸ್ ಬಂದ ದಿನ, ಯಾವ ವಿಳಾಸಕ್ಕೆ ಹಾಕಿದ್ದು, ಚೀಟಿಯ ಕಾರಣ ಅಕ್ಷರಶಃ, ಹೊಸ ವಿಳಾಸ, ಮುಂದಿನ ಕೆಲಸ. ಕಾರಣವನ್ನು 'ವಾಪಸ್' ಎಂದು ಚುಟುಕಾಗಿ ಬರೆದರೆ ಈ ಕೆಲಸವೆಲ್ಲ ವ್ಯರ್ಥ. ಪತ್ರಗಳು ಒಂದೇ ದಿನ ಬರುವುದಿಲ್ಲ, ವಾರಗಟ್ಟಲೆ ಚೂರುಪಾರು ಬರುತ್ತವೆ. ವಾರಕ್ಕೊಂದು ದಿನ ಕೂತು ತುಂಬಿದರೆ ಸಾಕು.

ಚೀಟಿ ಕಿತ್ತು ಹೊಸ ವಿಳಾಸ ಬರೆದು ಅದೇ ಕವರನ್ನು ಮತ್ತೆ ಡಬ್ಬಿಗೆ ಹಾಕುವುದು ಸಾಮಾನ್ಯ ತಪ್ಪು. ಸ್ಟಾಂಪು ಆಗಲೇ ರದ್ದಾಗಿರುತ್ತದೆ. ಮುಂದೆ ಹಳೆಯ ಬಾರ್‌ಕೋಡ್ ಇರುತ್ತದೆ, ಹಿಂಬದಿಯಲ್ಲಿ ವಿಂಗಡಣೆ ಯಂತ್ರ ಸಿಂಪಡಿಸಿದ ತೆಳು ಕಿತ್ತಳೆ ಬಣ್ಣದ ಗೆರೆಗಳೂ ಇರುತ್ತವೆ. ಯಂತ್ರ ಅವನ್ನು ಓದಿ ಪತ್ರವನ್ನು ಹಳೆಯ ದಾರಿಗೇ ಅಟ್ಟುತ್ತದೆ. ಹೊಸ ಕವರ್, ಹೊಸ ಸ್ಟಾಂಪ್, ಬೇರೆ ದಾರಿಯಿಲ್ಲ.

ಹಂತ 5: ಚೀಟಿಯಲ್ಲಿರುವ ಕಾರಣ, ಮಾಡಬೇಕಾದ ಕೆಲಸ

'ಫಾರ್ವರ್ಡ್ ಟೈಮ್ ಎಕ್ಸ್‌ಪೈರ್ಡ್' ಎಂದಿದ್ದು ಹೊಸ ವಿಳಾಸವೂ ಇದ್ದರೆ ಅದೇ ವಾರ ಮರು ಪತ್ರ ಹೋಗಲಿ. ಅಂಚೆಯವರೇ ಕೊಟ್ಟ ವಿಳಾಸಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

'ವೇಕೆಂಟ್' ಎಂಬುದನ್ನು ಓದುವಾಗ, ಪತ್ರ ಹಾಕಿದ್ದು ಎಲ್ಲಿಗೆ ಎಂದು ಮೊದಲು ನೋಡಿ. ಆಸ್ತಿಯ ವಿಳಾಸಕ್ಕೆ ಹಾಕಿದ್ದರೆ ಮನೆ ಖಾಲಿಯಿದೆ ಎಂದು ದಿನವೂ ಆ ಬೀದಿಯಲ್ಲಿ ಓಡಾಡುವವರೇ ಹೇಳಿದ ಹಾಗಾಯಿತು. ತೆರಿಗೆ, ವಿಮೆ, ಹುಲ್ಲು ಕತ್ತರಿಸುವ ಖರ್ಚು ಎಲ್ಲ ಮಾಲೀಕರ ತಲೆ ಮೇಲಿದ್ದು, ಬಾಡಿಗೆ ಬರುತ್ತಿಲ್ಲ. ಇಂಥವರನ್ನು ಹುಡುಕಲು ಸಮಯ ಹಾಕಿ. ಹತ್ತಿರದಲ್ಲಿದ್ದರೆ ಮನೆ ಮುಂದೆ ಒಮ್ಮೆ ಹೋಗಿ ನೋಡಿ. ಆದರೆ ನೀವು ಬರೆದ ಚೀಟಿಯನ್ನು ಆ ಮನೆಯ ಅಂಚೆ ಡಬ್ಬಿಯೊಳಗೆ ಹಾಕಬೇಡಿ, ಸ್ಟಾಂಪಿಲ್ಲದ ಕಾಗದವನ್ನು ಅದರಲ್ಲಿ ಹಾಕುವುದು ಕೇಂದ್ರ ಕಾನೂನಿನ ಪ್ರಕಾರ ತಪ್ಪು. ಅದೇ ಕಾರಣ ಮಾಲೀಕರ ತೆರಿಗೆ ವಿಳಾಸದಿಂದ ಬಂದಿದ್ದರೆ, ಅವರು ಆ ಮನೆಯನ್ನೂ ಬಿಟ್ಟಿದ್ದಾರೆ ಎಂದರ್ಥ. ತೆರಿಗೆ ಬಿಲ್ಲೂ ಅವರ ಕೈಸೇರುತ್ತಿಲ್ಲದಿರಬಹುದು, ಬಾಕಿ ಎಷ್ಟಿದೆ ಎಂದು ಕೌಂಟಿ ಖಜಾನೆಯ ಪುಟದಲ್ಲಿ ನೋಡಿ.

'ಅಟೆಂಪ್ಟೆಡ್, ನಾಟ್ ನೋನ್' ಅತ್ಯಂತ ಗೋಜಲಿನದು. ಬಾಡಿಗೆದಾರರು "ಈ ಹೆಸರಿನವರು ಯಾರೂ ಇಲ್ಲ" ಎಂದು ಕೊಟ್ಟಿರಬಹುದು, ಎಲ್‌ಎಲ್‌ಸಿ ಹೆಸರು ಡಬ್ಬಿಯ ಮೇಲೆ ಇಲ್ಲದಿರಬಹುದು, ಹೊಸ ಪೋಸ್ಟ್‌ಮ್ಯಾನ್ ಇರಬಹುದು. ವಿಳಾಸ 'ವೈ' ಆಗಿದ್ದು ಕೌಂಟಿ ದಾಖಲೆಯಲ್ಲಿ ಬದಲಾಗಿಲ್ಲದಿದ್ದರೆ ಕೈಬರಹದಲ್ಲಿ ಇನ್ನೊಮ್ಮೆ ಹಾಕಿ. ಎರಡನೆಯ ಸಲವೂ ಅದೇ ಕಾರಣ ಬಂದರೆ ಹುಡುಕಾಟದ ಪಟ್ಟಿಗೆ ಸೇರಿಸಿ.

'ನೋ ಸಚ್ ನಂಬರ್', 'ಇನ್‌ಸಫಿಶಿಯೆಂಟ್ ಅಡ್ರೆಸ್' ಎಂಬುವು ಮಾಲೀಕರ ಸುದ್ದಿಯಲ್ಲ, ನಿಮ್ಮ ಫೈಲಿನ ಸುದ್ದಿ. ಹಂತ 3ಕ್ಕೆ ಹೋಗಿ. 'ನೋ ಮೇಲ್ ರೆಸೆಪ್ಟಕಲ್' (ಅಂಚೆ ಡಬ್ಬಿ ಇಲ್ಲ) ಬಂದರೆ ಅದು ಖಾಲಿ ಸೈಟಿರಬಹುದು, ಡಬ್ಬಿ ಕಿತ್ತುಹೋದ ಪಾಳು ಮನೆಯಿರಬಹುದು ಅಥವಾ ಮನೆಮನೆಗೆ ಬಟವಾಡೆಯೇ ಇಲ್ಲದ ಸಣ್ಣ ಊರಿರಬಹುದು. ಅಂಥ ಊರಲ್ಲಿ ಎಲ್ಲರೂ ಪೋಸ್ಟ್ ಬಾಕ್ಸ್ ಇಟ್ಟುಕೊಂಡಿರುತ್ತಾರೆ. 'ಟೆಂಪರರಿಲಿ ಅವೇ' ಎಂದರೆ ಚಳಿಗಾಲ ಕಳೆಯಲು ಫ್ಲಾರಿಡಾಕ್ಕೋ ಅರಿಜೋನಾಕ್ಕೋ ಹೋದವರು, ಏಪ್ರಿಲ್-ಮೇ ಹೊತ್ತಿಗೆ ಮತ್ತೆ ಹಾಕಿ. 'ರೆಫ್ಯೂಸ್ಡ್' ಬಂದರೆ ಮಾತು ಮುಗಿಯಿತು. ಅವರನ್ನು ಎಲ್ಲ ಪಟ್ಟಿಯಿಂದಲೂ ತೆಗೆಯಿರಿ.

'ಡಿಸೀಸ್ಡ್' ಬಂದಾಗ ಮೊದಲು ಆ ಹೆಸರಿಗೆ ಹೋಗುವ ಮುಂದಿನ ಸುತ್ತುಗಳನ್ನೆಲ್ಲ ನಿಲ್ಲಿಸಿ. ತೀರಿಕೊಂಡವರ ಹೆಸರಿಗೆ ತಿಂಗಳು ತಿಂಗಳು 'ಮನೆ ಮಾರುತ್ತೀರಾ' ಪತ್ರ ಬಂದರೆ ಆ ಮನೆಯವರು ನಿಮ್ಮನ್ನು ಕ್ಷಮಿಸುವುದಿಲ್ಲ. ನಮ್ಮಲ್ಲಿ ಪೌತಿ ಖಾತೆ ಆಗದೆ ತಾತನ ಹೆಸರಲ್ಲೇ ಪಹಣಿ ಉಳಿಯುವಂತೆ ಅಲ್ಲೂ ಎಷ್ಟೋ ಮನೆಗಳು ವರ್ಷಗಟ್ಟಲೆ ತೀರಿಕೊಂಡವರ ಹೆಸರಲ್ಲೇ ಇರುತ್ತವೆ. ತೀರಿಕೊಂಡವರ ಆಸ್ತಿಯ ವಿಷಯ ನೋಡುವ ಆ ಕೌಂಟಿಯ ಪ್ರೊಬೇಟ್ ಕೋರ್ಟಿನಲ್ಲಿ ಹೆಸರು ಹುಡುಕಿ. ಪ್ರಕರಣ ದಾಖಲಾಗಿದ್ದರೆ ಆಸ್ತಿ ನೋಡಿಕೊಳ್ಳಲು ನೇಮಕವಾದವರ ಹೆಸರು, ವಕೀಲರ ವಿಳಾಸ ಸಿಗುತ್ತದೆ. ಅವರಿಗೆ ಬೇರೆಯೇ ಪತ್ರ ಬರೆಯಿರಿ: ಚುಟುಕಾಗಿ, ಅವಸರ ಮಾಡದೆ, ಬೆಲೆ ಹೇಳದೆ.

ಹಂತ 6: ಹುಡುಕಾಟ, ಬಿಟ್ಟಿಯಿಂದ ದುಡ್ಡಿನ ಕಡೆಗೆ

'ಸ್ಕಿಪ್ ಟ್ರೇಸಿಂಗ್' (ದುಡ್ಡು ಪಡೆದು ವ್ಯಕ್ತಿಯ ವಿಳಾಸ, ಫೋನ್ ಹುಡುಕಿಕೊಡುವ) ಕಂಪನಿಗೆ ಪಟ್ಟಿ ಎಸೆಯುವ ಮೊದಲು ಕೌಂಟಿ ದಾಖಲೆ ನೋಡಿ. ನಿಮ್ಮ ಪಟ್ಟಿ ಕೊಂಡ ಮೇಲೆ ತೆರಿಗೆ ವಿಳಾಸ ಬದಲಾಗಿರಬಹುದು, ಆಸ್ತಿಯೇ ಮಾರಾಟವಾಗಿರಬಹುದು. ನೋಂದಣಿಯಾದ ಕ್ರಯಪತ್ರದ ಮೊದಲ ಪುಟದ ಮೇಲ್ಭಾಗದಲ್ಲಿ, ನೋಂದಣಿಯ ನಂತರ ಪತ್ರ ಯಾರಿಗೆ ಕಳಿಸಬೇಕು, ತೆರಿಗೆ ಬಿಲ್ಲು ಎಲ್ಲಿಗೆ ಎಂದು ಅನೇಕ ರಾಜ್ಯಗಳಲ್ಲಿ ಬರೆದಿರುತ್ತಾರೆ. ಅಲ್ಲಿ ಕೆಲವೊಮ್ಮೆ ಮಗಳ ಅಥವಾ ವಕೀಲರ ವಿಳಾಸ ಇರುತ್ತದೆ. ಎಲ್‌ಎಲ್‌ಸಿ ಆಗಿದ್ದರೆ ಕಂಪನಿಗಳ ನೋಂದಣಿ ನೋಡಿಕೊಳ್ಳುವ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ವೆಬ್‌ಸೈಟಿನಲ್ಲಿ ಅದರ ಪರವಾಗಿ ಕಾಗದಪತ್ರ ಪಡೆಯುವ ನೋಂದಾಯಿತ ಏಜೆಂಟ್ ಸಿಗುತ್ತಾರೆ.

ಇಷ್ಟಾಗಿಯೂ ಸಿಗದವರನ್ನು ಮಾತ್ರ ಸ್ಕಿಪ್ ಟ್ರೇಸಿಂಗ್‌ಗೆ ಕೊಡಿ. ಬಂದ ಉತ್ತರವನ್ನು ಕಣ್ಣುಮುಚ್ಚಿ ನಂಬಬೇಡಿ. ಆ ವ್ಯಕ್ತಿಯ ಹಳೆಯ ವಿಳಾಸಗಳಲ್ಲಿ ನಿಮ್ಮ ಆಸ್ತಿಯ ವಿಳಾಸ ಅಥವಾ ವಾಪಸ್ ಬಂದ ವಿಳಾಸ ಇದ್ದರೆ ಮಾತ್ರ ಅದು ಅದೇ ವ್ಯಕ್ತಿ. ದಕ್ಷಿಣ ಭಾರತದ ಹೆಸರುಗಳಲ್ಲಿ ಎಡವಟ್ಟು ಹೆಚ್ಚು. ಇನಿಷಿಯಲ್ಲು ಬಿಡಿಸಿದ ಊರ ಹೆಸರು 'ಲಾಸ್ಟ್ ನೇಮ್' ಆಗಿರುತ್ತದೆ, ಅಪ್ಪನ ಹೆಸರು ಮುಂದೆ ಬಂದಿರುತ್ತದೆ, ಒಂದೇ ಪದದ ಹೆಸರಿದ್ದವರು 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ದಾಖಲಾಗಿರುತ್ತಾರೆ. ಹೆಸರನ್ನು ಹಿಂದುಮುಂದು ಮಾಡಿ ಎರಡು ಸಲ ಹುಡುಕಿ.

ಫೋನ್ ನಂಬರ್ ಸಿಕ್ಕಿತೆಂದು ಕರೆ ಶುರು ಮಾಡಬೇಡಿ. ಮಾರಾಟದ ಕರೆ ಬೇಡವೆಂದವರ 'ಡು ನಾಟ್ ಕಾಲ್' ಪಟ್ಟಿಯ ಜತೆ ತಾಳೆ ನೋಡಿ, 31 ದಿನಕ್ಕೊಮ್ಮೆ ಹೊಸದಾಗಿ. ಟೆಲಿಫೋನ್ ಗ್ರಾಹಕ ರಕ್ಷಣಾ ಕಾಯ್ದೆಯಡಿ ನಿಯಮ ಮೀರಿದ ಕರೆ ಒಂದಕ್ಕೆ 500ರಿಂದ 1,500 ಡಾಲರ್‌ವರೆಗೆ ಬೀಳಬಹುದು. ಪೋಸ್ಟ್ ಬಾಕ್ಸ್ ಯಾರದೆಂದು ತಿಳಿಯಲು ಅಂಚೆ ಕಚೇರಿಯಲ್ಲಿ ಒಂದು ಅರ್ಜಿ ಇರುವುದು ನಿಜ, ಆದರೆ ಅದು ಕೋರ್ಟ್ ನೋಟಿಸ್ ಜಾರಿ ಮಾಡುವವರಿಗೆ ಮಾತ್ರ. ಮಾರುಕಟ್ಟೆ ಕೆಲಸಕ್ಕೆ ಅದನ್ನು ಬಳಸಿದರೆ ಸುಳ್ಳು ಹೇಳಿಕೆಯ ಕೇಸಾಗುತ್ತದೆ.

ಮಾಲೀಕರು ಬೆಂಗಳೂರಿನಲ್ಲಿದ್ದರೆ

ಅಮೆರಿಕದಲ್ಲಿ ಮನೆ ಇಟ್ಟುಕೊಂಡೇ ಊರಿಗೆ ಮರಳಿದವರ ಆಸ್ತಿಗಳಲ್ಲಿ ಇದು ಎದುರಾಗುತ್ತದೆ. ಎನ್‌ಸಿಒಎ ಫಲಿತಾಂಶದಲ್ಲಿ '01' ಸಂಕೇತ ಬಂದರೆ ವಿದೇಶಕ್ಕೆ ಹೋಗಿದ್ದಾರೆ ಎಂದರ್ಥ, ವಿಳಾಸ ಕೊಡುವುದಿಲ್ಲ. ಕೌಂಟಿ ದಾಖಲೆಯಲ್ಲಿ ಬೆಂಗಳೂರಿನ ವಿಳಾಸವಿದ್ದರೂ ತುಂಡಾಗಿರುತ್ತದೆ. 'ಎರಡನೇ ಮಹಡಿ, 9ನೇ ಮೇನ್, 4ನೇ ಟಿ ಬ್ಲಾಕ್, ಜಯನಗರ' ಎಂಬಷ್ಟು ಉದ್ದ ಅವರ ಕಾಲಂನಲ್ಲಿ ಹಿಡಿಸದೆ 'ಜಯನಗರ' ಕತ್ತರಿಸಿಹೋಗುತ್ತದೆ. ಇನ್ನೂ ತಮಾಷೆಯೆಂದರೆ ಪಿನ್‌ಕೋಡ್. ಐದಂಕಿಯ ಜಿಪ್ ಕಾಲಂನಲ್ಲಿ 560041 ಕೂರದೆ 56004 ಆಗುತ್ತದೆ. ಅಮೆರಿಕದಲ್ಲಿ 560ರಿಂದ ಶುರುವಾಗುವ ಜಿಪ್‌ಗಳು ಮಿನೆಸೋಟದ ಮ್ಯಾಂಕೇಟೋ ಭಾಗದವು. 560 ಎಂದು ಶುರುವಾಗುವ ಜಿಪ್ಪಿನ ಮುಂದೆ 'ಕ್ರಾಸ್', 'ಮೇನ್', 'ಲೇಔಟ್' ಪದ ಕಂಡರೆ ಅದು ಮಿನೆಸೋಟ ಅಲ್ಲ.

ಪಟ್ಟಿ ಮಾರುವವರು ಇಂಥ ವಿಳಾಸಗಳನ್ನು ಕ್ಯಾಸ್‌ನಲ್ಲಿ ಪಾಸಾಗಲಿಲ್ಲವೆಂದು ಮೊದಲೇ ಕಿತ್ತುಹಾಕಿರುವುದುಂಟು. ವಿದೇಶಿ ವಿಳಾಸಗಳನ್ನು ಬೇರೆ ಫೈಲಿನಲ್ಲಿ ಕೊಡಿ ಎಂದು ಕೇಳಿ. ಪತ್ರಕ್ಕೆ ವಿದೇಶಿ ದರದ ಸ್ಟಾಂಪ್ ಬೇಕು, 2025ರ ಜುಲೈ ದರದಲ್ಲಿ ಒಂದು ಔನ್ಸ್‌ವರೆಗೆ 1.70 ಡಾಲರ್. ಊರಿನ ಸಾಲಿನಲ್ಲಿ ಪಿನ್, ಕೊನೆಯ ಸಾಲಿನಲ್ಲಿ ದೇಶದ ಹೆಸರು ಮಾತ್ರ, ಇಂಗ್ಲಿಷಿನ ದೊಡ್ಡಕ್ಷರದಲ್ಲಿ. ಹಂತ 2ರ ಸೂಚನೆಗಳು ದೇಶದ ಹೊರಗೆ ಕೆಲಸ ಮಾಡುವುದಿಲ್ಲ. ಉತ್ತರಕ್ಕೆ ಅಮೆರಿಕದ ಫೋನ್ ನಂಬರ್ ಒಂದೇ ಕೊಡದೆ ಇಮೇಲ್, ವಾಟ್ಸಾಪ್ ಕೂಡ ಕೊಡಿ. ಮಾತು ಕುದುರಿದರೆ ತೆರಿಗೆ ಸಲಹೆಗಾರರನ್ನು ಬೇಗ ಕರೆತನ್ನಿ. ಮಾರುವವರು ತೆರಿಗೆ ಲೆಕ್ಕದಲ್ಲಿ ವಿದೇಶಿಯಾಗಿದ್ದರೆ ಸಾಮಾನ್ಯವಾಗಿ ಬೆಲೆಯ 15 ಶೇಕಡಾ ಹಿಡಿದುಕೊಂಡು ಕಟ್ಟುವ ಹೊಣೆ ಕೊಳ್ಳುವವರದ್ದು.

ಹಂತ 7: ಮರು ಪತ್ರ, ಮತ್ತು ಪಟ್ಟಿ ಕೊಟ್ಟವರ ಲೆಕ್ಕ

ತಿದ್ದಿದ ವಿಳಾಸಗಳನ್ನು ಮುಂದಿನ ದೊಡ್ಡ ಸುತ್ತಿನಲ್ಲಿ ಬೆರೆಸಬೇಡಿ. ಪ್ರತ್ಯೇಕ ಸಣ್ಣ ಕಟ್ಟಾಗಿ, ನಿಜವಾದ ಸ್ಟಾಂಪ್ ಹಚ್ಚಿ, ಯಾವ ಆಸ್ತಿಯ ಬಗ್ಗೆ ಬರೆಯುತ್ತಿದ್ದೀರಿ ಎಂದು ಮೊದಲ ಸಾಲಲ್ಲೇ ಹೇಳಿ ಕಳಿಸಿ. ಮಾಲೀಕರು ಈಗ ಬೇರೆ ರಾಜ್ಯದಲ್ಲಿರುತ್ತಾರೆ, "ನಿಮ್ಮ ಮನೆ" ಎಂದರೆ ಈಗ ಇರುವ ಮನೆಯೆಂದು ತಿಳಿದು ಎಸೆಯುತ್ತಾರೆ.

ಒಂದೇ ವಿಳಾಸದಿಂದ ಒಂದೇ ಕಾರಣಕ್ಕೆ ಎರಡು ಸಲ ವಾಪಸ್ ಬಂದರೆ ಆ ವಿಳಾಸ 'ಹಾಕಬಾರದ' ಕಡತಕ್ಕೆ ಹೋಗಲಿ. ಹೊಸ ಪಟ್ಟಿ ಕೊಂಡಾಗಲೆಲ್ಲ ಮೊದಲು ಈ ಕಡತದ ಜತೆ ತಾಳೆ ನೋಡಿ, ಇಲ್ಲದಿದ್ದರೆ ತೆಗೆದ ಹೆಸರೇ ಇನ್ನೊಂದು ಮಾರಾಟಗಾರರ ಮೂಲಕ ವಾಪಸ್ ಬರುತ್ತದೆ. ವಾಪಸಾತಿಯನ್ನು ಪಟ್ಟಿವಾರು ಎಣಿಸಿ. 'ನೋ ಸಚ್ ನಂಬರ್' ರೀತಿಯ ಕಾರಣಗಳೇ ತುಂಬಿದ್ದರೆ ಪಟ್ಟಿ ಕಳಪೆ. ಕರಾರಿನಲ್ಲಿ ತಲುಪುವಿಕೆಯ ಖಾತರಿ ಇದ್ದರೆ ಫೋಟೋಗಳ ಸಮೇತ ದುಡ್ಡು ವಾಪಸ್ ಕೇಳಿ. 'ವೇಕೆಂಟ್', 'ಡಿಸೀಸ್ಡ್' ಹೆಚ್ಚಿದ್ದರೆ ಅದು ಒಳ್ಳೆಯ ಪಟ್ಟಿ, ಅದನ್ನು ಕೊಟ್ಟ ಮಾರಾಟಗಾರರನ್ನು ಕೈಬಿಡಬೇಡಿ.